ಐದು ವರ್ಷ ತುಂಬಿದರೆ ಮಗು ಅಪ್ಪನಿಗೆ ಸಿಗುತ್ತಾ?

ಇಲ್ಲ. ಗಂಡ ಹೆಂಡತಿ ಬೇರೆಯಾದಾಗ, ಐದನೇ ಹುಟ್ಟುಹಬ್ಬದ ಮರುದಿನ ಮಗುವನ್ನು ಅಪ್ಪನ ಮನೆಗೆ ಕಳಿಸಿಬಿಡುವ ಕಾನೂನು ಈ ದೇಶದಲ್ಲಿಲ್ಲ. ಫೋನಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಗೊಂದಲದ ಮೂಲ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ ಅದು. ಜನ ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಎಲ್ಲಕ್ಕಿಂತ ಮೇಲಿರುವುದು ಮಗುವಿನ ಹಿತ. ಐದರೊಳಗೆ ತಾಯಿ ಬೇಡ ಎನ್ನುವವರು ಯಾಕೆ ಬೇಡ ಎಂದು ತೋರಿಸಬೇಕು. ಐದರ ಮೇಲೆ ಯಾರಿಗೂ ಆ ಅನುಕೂಲವಿಲ್ಲ, ಅಷ್ಟೇ. ಸಂಬಳ ಹೆಚ್ಚಿದ್ದವರಿಗೆ ಮಗು ಎಂಬುದೂ ಸುಳ್ಳು. ಕಡಿಮೆ ದುಡಿಯುವವರ ಬಳಿ ಮಗುವನ್ನು ಬಿಟ್ಟು, ಇನ್ನೊಬ್ಬರಿಂದ ಜೀವನಾಂಶ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ನಿಜಕ್ಕೂ ತೂಕ ಬೀಳುವುದು ಬೇರೆ ಕಡೆ. ಮಗು ಈಗ ಯಾರ ಬಳಿ ಬೆಳೆಯುತ್ತಿದೆ, ಶಾಲೆ ಎಲ್ಲಿ, ಜ್ವರ ಬಂದರೆ ರಾತ್ರಿ ಎದ್ದು ಕೂರುವವರು ಯಾರು? ಹೊಂದಿಕೊಂಡ ಮಗುವನ್ನು ಕಿತ್ತು ಬೇರೆಡೆ ನೆಡಲು ನ್ಯಾಯಾಧೀಶರು ಹಿಂಜರಿಯುತ್ತಾರೆ. ಆದ್ದರಿಂದ ಬೇರೆಯಾದ ಮೊದಲ ತಿಂಗಳುಗಳ ಏರ್ಪಾಡೇ ಎಷ್ಟೋ ಸಲ ಕಾಯಂ ಆಗುತ್ತದೆ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಅಡಿಯ ಮಧ್ಯಂತರ ಅರ್ಜಿಯನ್ನು (ಕೇಸು ಮುಗಿಯುವವರೆಗೆ ಮಗು ಯಾರ ಬಳಿ ಇರಬೇಕೆಂದು ಕೇಳುವ ಅರ್ಜಿ) ಆಮೇಲೆ ನೋಡೋಣ ಎಂದು ಮುಂದೂಡಬೇಡಿ. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಪಾಲಕರ ಕಾಯ್ದೆಯಡಿ ಹೋಗುವುದಾದರೆ, ಅರ್ಜಿ ಹಾಕಬೇಕಾದ್ದು ಮಗು ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿ. ಮಗು ಮೈಸೂರಿನಲ್ಲಿ ಬೆಳೆಯುತ್ತಿರುವಾಗ ನಿಮಗೆ ಹತ್ತಿರ ಎಂದು ಬೆಂಗಳೂರಿನಲ್ಲಿ ಹಾಕಿದರೆ, ಜಗಳ ಕೇಸು ಯಾವ ಊರಿನ ಕೋರ್ಟಿನ ವ್ಯಾಪ್ತಿಗೆ ಸೇರಿದ್ದು ಎಂಬುದರ ಮೇಲೇ ನಡೆದು ತಿಂಗಳುಗಳು ಹೋಗುತ್ತವೆ.

"ಸಿಗುತ್ತಾ" ಎಂದು ಪಾಲುಪಟ್ಟಿಯಲ್ಲಿ ಸೈಟು ಕೇಳುವ ಹಾಗೆ ಕೇಳುವುದು ನನಗೆ ಸಹಿಸಲಾಗದು. ದೂರ ಇರುವ ಪೋಷಕರು ಮಗುವನ್ನು ಭೇಟಿಯಾಗುವ ಷರತ್ತುಗಳನ್ನು ಹೇಗೆ ಬರೆಸಬೇಕು ಎಂದು ಒಬ್ಬರಾದರೂ ಕೇಳಬಾರದೇ? ಮಗುವಿನ ವಾರ ಹೇಗೆ ಕಳೆಯುತ್ತದೆ ಎಂಬುದು ನಿಂತಿರುವುದು ಆ ಒಂದು ಪುಟದ ಮೇಲೆ.

ಮೀಡಿಯೇಷನ್‌ನಲ್ಲಿ, ಅಂದರೆ ಸಂಧಾನದ ಮಾತುಕತೆಯಲ್ಲಿ, ದಣಿದವರು "ಪರಸ್ಪರ ಅನುಕೂಲದಂತೆ ಭೇಟಿ" ಎಂದು ಬರೆದು ಸಹಿ ಹಾಕಿಬಿಡುತ್ತಾರೆ. ಅದು ಮುರಿಯುವುದು ಖಚಿತ. ಮುರಿದಾಗ ಆದೇಶ ಜಾರಿ ಮಾಡಿಸಿ ಎಂದು ಕೇಳುವ ಅಮಲ್ಜಾರಿ ಅರ್ಜಿ ಹಾಕಿದರೆ, ಯಾವ ದಿನ, ಎಷ್ಟು ಗಂಟೆಗೆ ತಪ್ಪಿತು ಎಂದು ತೋರಿಸಲು ಕಾಗದದಲ್ಲಿ ಏನೂ ಇರುವುದಿಲ್ಲ. ಹೀಗೆ ಬರೆಸಿ: ತಿಂಗಳ ಮೊದಲ ಮತ್ತು ಮೂರನೇ ಶನಿವಾರ ಬೆಳಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ, ಕರೆದೊಯ್ಯುವವರು ಯಾರು, ವಾಪಸ್ ಬಿಡುವವರು ಯಾರು, ಯಾವ ಗೇಟಿನ ಬಳಿ. ದಸರಾ ರಜೆ ಮತ್ತು ಬೇಸಿಗೆ ರಜೆ ಅರ್ಧರ್ಧ. ಯುಗಾದಿ ಸಮಸಂಖ್ಯೆಯ ವರ್ಷಗಳಲ್ಲಿ ಒಬ್ಬರಿಗೆ, ದೀಪಾವಳಿ ಇನ್ನೊಬ್ಬರಿಗೆ, ಮರುವರ್ಷ ಅದಲುಬದಲು. ಮಗುವಿಗೆ ಹುಷಾರಿಲ್ಲದೆ ತಪ್ಪಿದ ಭೇಟಿಗೆ ಮುಂದಿನ ವಾರ ಬದಲಿ ದಿನ. ವಿಡಿಯೊ ಕರೆಗೂ ಸಮಯ ಹಾಕಿಸಿ. ದಿನಕ್ಕೆ ಐದರಿಂದ ಹತ್ತು ನಿಮಿಷ ಮಾತಾಡುವ ಹಕ್ಕು ದೂರ ಇರುವ ಪೋಷಕರಿಗೆ ಇರಬೇಕೆಂದು ಸುಪ್ರೀಂ ಕೋರ್ಟೇ 2020ರ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ.

ಶಾಲೆಯ ಪೋಷಕರ ಸಭೆ, ಅಂಕಪಟ್ಟಿ ಇಬ್ಬರಿಗೂ ತೆರೆದಿರಲಿ. ಶುಲ್ಕ ಯಾರು, ಯಾವ ತಾರೀಖಿನೊಳಗೆ ಕಟ್ಟಬೇಕು ಎಂಬುದು ಇರಲಿ. ಊರು ಬದಲಿಸುವವರು 60 ದಿನ ಮೊದಲು ಲಿಖಿತವಾಗಿ ತಿಳಿಸಬೇಕೆಂಬ ಸಾಲು ಸೇರಿಸಿ. ಪಾಸ್‌ಪೋರ್ಟ್ ಅರ್ಜಿಗೆ ಒಪ್ಪಿಗೆ ಕೊಡುವ ಬಗ್ಗೆ ಒಂದು ಸಾಲು ಇದ್ದರೆ ವಿದೇಶದಲ್ಲಿರುವವರ ಅರ್ಧ ತಲೆನೋವು ಕಡಿಮೆ.

ಭೇಟಿ ಕೊಡಲಿಲ್ಲವೆಂದು ಜೀವನಾಂಶ ನಿಲ್ಲಿಸುವವರು, ಹಣ ಬರಲಿಲ್ಲವೆಂದು ಮಗುವನ್ನು ಒಳಗೆ ಕೂಡಿಹಾಕುವವರು ಇಬ್ಬರೂ ತಮ್ಮ ಕೇಸನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ಅವೆರಡೂ ಬೇರೆ ಬೇರೆ ಹೊಣೆಗಳು. ನ್ಯಾಯಾಧೀಶರು ಮಗುವನ್ನು ಚೇಂಬರಿನಲ್ಲಿ ಒಂಟಿಯಾಗಿ ಮಾತಾಡಿಸುವ ದಿನಕ್ಕೆ ಪಾಠ ಹೇಳಿಕೊಡಬೇಡಿ. ಏಳು ವರ್ಷದ ಮಗು "ಮಾನಸಿಕ ಹಿಂಸೆ" ಎಂದರೆ ಆ ಮಾತು ಯಾರದೆಂದು ಅವರಿಗೆ ಗೊತ್ತಾಗುತ್ತದೆ.

ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮೂರು ವರ್ಷದ ಮಗುವಿಗೆ ಬರೆಸಿದ ವೇಳಾಪಟ್ಟಿ ಹತ್ತು ವರ್ಷದವಳಿಗೆ ಒಗ್ಗುವುದಿಲ್ಲ. ಪರಿಸ್ಥಿತಿ ಬದಲಾಗಿದ್ದರೆ ಹಳೆಯ ಆದೇಶದ ದೃಢೀಕೃತ ಪ್ರತಿ, ಬದಲಾವಣೆಯ ದಾಖಲೆಗಳೊಂದಿಗೆ ಮಾರ್ಪಾಡು ಕೇಳಿ. ಇಬ್ಬರೂ ಒಪ್ಪಿದ್ದರೆ ಇಬ್ಬರೂ ಸಹಿ ಹಾಕಿದ ಜಂಟಿ ಮೆಮೊ ಸಲ್ಲಿಸಬಹುದು.