ಫಿಸಿಕ್ಸ್ ಡಿಪಾರ್ಟ್‌ಮೆಂಟಲ್ಲಿ ಇಡೀ ದಿನ ಏನು ಮಾಡ್ತೀರಿ?

ನಾನು ಯೂನಿವರ್ಸಿಟಿಯ ಫಿಸಿಕ್ಸ್ ವಿಭಾಗದಲ್ಲಿದ್ದೇನೆ ಅಂದ ತಕ್ಷಣ ಎದುರಿಗಿದ್ದವರು ಸ್ವಲ್ಪ ಗಂಭೀರವಾಗುತ್ತಾರೆ. ಆಮೇಲೆ ಕೇಳುತ್ತಾರೆ: "ಅಲ್ಲಿ ಇಡೀ ದಿನ ಏನು ಮಾಡ್ತೀರಿ? ಯಾರಾದ್ರೂ ನಗೋದು ಉಂಟಾ?" ಬೋರ್ಡ್ ತುಂಬ ಸಮೀಕರಣ, ಕೆದರಿದ ತಲೆ, ಯಾರೂ ಯಾರನ್ನೂ ಮಾತಾಡಿಸದ ಕಾರಿಡಾರು. ಕೇಳುವವರ ಮನಸ್ಸಲ್ಲಿ ಇರೋದು ಇದೇ.

ಉತ್ತರ ಸುಲಭ. ಅರ್ಧ ದಿನ ಲೂಸ್ ಕನೆಕ್ಷನ್ ಹುಡುಕುತ್ತೇವೆ. ಉಳಿದರ್ಧ ಕಾಯುತ್ತೇವೆ. ನಗದೇ ಇದ್ದರೆ ಈ ಎರಡು ಕೆಲಸ ಮಾಡೋಕಾಗಲ್ಲ.

ಲೂಸ್ ಕನೆಕ್ಷನ್ ಅನ್ನೋದು ಸಣ್ಣ ಲ್ಯಾಬಿನ ಬಡತನ ಅಂದುಕೊಳ್ಳಬೇಡಿ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಅನ್ನುವ ಪ್ರಯೋಗದ ವಿಜ್ಞಾನಿಗಳು ಒಂದು ಫಲಿತಾಂಶ ಹೊರಬಿಟ್ಟರು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ಬಂದಿವೆಯಂತೆ! ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲ್ಲ ಅಂದಿದ್ದ ಐನ್‌ಸ್ಟೈನ್ ಕತೆ ಮುಗಿಯಿತು ಅಂತ ಪತ್ರಿಕೆಗಳು ಬರೆದವು. ಮರುವರ್ಷ ಪರೀಕ್ಷೆ ಮಾಡಿ ನೋಡಿದರೆ, ಮುಖ್ಯ ಕಾರಣ ಒಂದು ಆಪ್ಟಿಕಲ್ ಫೈಬರ್ ಕೇಬಲ್. ಅದನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ. ಆ ಸುದ್ದಿ ಬಂದಾಗ ನಮ್ಮಂಥವರಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ದೊಡ್ಡವರಿಗೂ ಹೀಗಾಗುತ್ತೆ ಅಲ್ವಾ!

ಹುಡುಕಾಟ ಹೇಗಿರುತ್ತೆ ಅಂತ ನೋಡಬೇಕಾದರೆ ವ್ಯಾಕ್ಯೂಮ್ ಲ್ಯಾಬಿಗೆ ಬರಬೇಕು. ಸ್ಟೀಲಿನ ಚೇಂಬರ್ ಒಳಗಿನ ಗಾಳಿಯನ್ನೆಲ್ಲ ಪಂಪ್ ಹಚ್ಚಿ ಎಳೆಯುತ್ತೇವೆ. ಒಳಗೆ ಬೆರಳಿನ ಜಿಡ್ಡು ತಾಗಿದರೂ ಕಷ್ಟ, ಹಾಗಾಗಿ ಕೈಗೆ ಗ್ಲೌಸ್ ಕಡ್ಡಾಯ. ಗೋಡೆಗೆ ಅಂಟಿದ ನೀರಿನಂಶ ಹೋಗಲಿ ಅಂತ ಇಡೀ ಯಂತ್ರಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಗಂಟೆಗಟ್ಟಲೆ ಕಾಯಿಸುತ್ತೇವೆ. ದೂರದಿಂದ ನೋಡಿದರೆ ಯಾರೋ ಭಾರಿ ಪಾರ್ಸೆಲ್ ಕಟ್ಟಿಟ್ಟ ಹಾಗೆ ಕಾಣುತ್ತೆ. ಇಷ್ಟೆಲ್ಲ ಆದಮೇಲೂ ಒಳಗಿನ ಒತ್ತಡ ತೋರಿಸುವ ಗೇಜ್ ಒಂದು ಕಡೆ ನಿಂತುಬಿಡುತ್ತೆ, ಕೆಳಗಿಳಿಯಲ್ಲ. ಅಂದರೆ ಎಲ್ಲೋ ಲೀಕ್ ಇದೆ.

ಆಗ ಹೀಲಿಯಂ ಸಿಲಿಂಡರ್ ತರಬೇಕು. ಒಬ್ಬರು ಸಣ್ಣ ನಳಿಗೆಯಲ್ಲಿ ಪ್ರತಿ ಜೋಡಣೆಯ ಸುತ್ತ ಹೀಲಿಯಂ ಬಿಡುತ್ತಾ ಹೋಗುತ್ತಾರೆ. ಲೀಕ್ ಇದ್ದಲ್ಲಿ ಅದು ಒಳಗೆ ನುಗ್ಗಿ ಡಿಟೆಕ್ಟರ್‌ಗೆ ಸಿಗುತ್ತೆ. ಹೀಲಿಯಂ ಹಗುರ, ಮೇಲಕ್ಕೇರುತ್ತೆ. ಅದಕ್ಕೇ ಮೇಲಿನಿಂದ ಶುರು ಮಾಡಿ ಕೆಳಗೆ ಬರಬೇಕು. ಇನ್ನೊಬ್ಬರು ಸ್ಕ್ರೀನ್ ಮುಂದೆ.

"ಬಂತೇನೋ?"

"ಇಲ್ಲ ಕಣೋ."

"ಈಗ?"

"ಇಲ್ಲ."

"ಈಗ ನೋಡು."

"ಬಂತು, ಬಂತು! ಅಲ್ಲೇ ಇರು... ಥೂ, ಹೋಯ್ತು."

ಹೀಗೇ ಸಂಜೆಯಾಗುತ್ತೆ. ಕೊನೆಗೆ ಸಿಗೋದು ತಾಮ್ರದ ಗ್ಯಾಸ್ಕೆಟ್ ಮೇಲೆ ಕೂದಲೆಳೆಯಷ್ಟು ಗೀರು, ಇಲ್ಲಾಂದ್ರೆ ಪೂರ್ತಿ ಬಿಗಿಯದ ಒಂದು ಬೋಲ್ಟ್. ಆ ಬೋಲ್ಟ್ ಬಿಗಿದವರು ಯಾರು ಅನ್ನೋದು ಮಾತ್ರ ಯಾವ ಡಿಟೆಕ್ಟರ್‌ಗೂ ಸಿಗಲ್ಲ.

ತಪ್ಪು ಯಂತ್ರದ ಒಳಗೇ ಇರಬೇಕು ಅಂತಲೂ ಇಲ್ಲ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ 1998ರಿಂದಲೇ ಆಗಾಗ ವಿಚಿತ್ರ ಸಂಕೇತಗಳು ದಾಖಲಾಗುತ್ತಿದ್ದವು. 2015ರಲ್ಲಿ ಮೂಲ ಸಿಕ್ಕಿತು: ಅಲ್ಲಿನವರ ಮೈಕ್ರೋವೇವ್ ಓವನ್! ಬೀಪ್ ಬರುವ ಮೊದಲೇ ಬಾಗಿಲು ಎಳೆದರೆ, ಒಳಗೆ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಆಫ್ ಆಗುವ ಆ ಚೂರು ಹೊತ್ತಿನಲ್ಲಿ ಅಲೆ ಹೊರಗೆ ಸೋರುತ್ತಿತ್ತು. ಹಸಿದವರಿಗೆ ಬೀಪ್ ತನಕ ಕಾಯುವ ತಾಳ್ಮೆ ಎಲ್ಲಿರುತ್ತೆ?

ಇನ್ನು ಥಿಯರಿಯವರು. ಅವರಿಗೆ ಪೆನ್ನು, ಬೋರ್ಡು, "ಅಳಿಸಬೇಡಿ" ಅನ್ನುವ ಒಂದು ಚೀಟಿ ಇದ್ದರೆ ಸಾಕು. ಅವರು ಲ್ಯಾಬಿಗೆ ಕಾಲಿಟ್ಟರೆ ಯಂತ್ರ ಕೈಕೊಡುತ್ತೆ ಅನ್ನೋದು ಎಲ್ಲಾ ಫಿಸಿಕ್ಸ್ ವಿಭಾಗಗಳ ನಂಬಿಕೆ. ಅದಕ್ಕೆ ಪೌಲಿ ಪರಿಣಾಮ ಅಂತ ಹೆಸರೂ ಇದೆ. ಥಿಯರಿಯವರಾದ ವೋಲ್ಫ್‌ಗಾಂಗ್ ಪೌಲಿ 1945ರ ನೊಬೆಲ್ ವಿಜೇತ. ಆತ ಹತ್ತಿರ ಬಂದರೆ ಉಪಕರಣ ಒಡೆಯುತ್ತೆ ಅಂತ ಗೆಳೆಯ ಓಟೋ ಸ್ಟರ್ನ್ ಹ್ಯಾಂಬರ್ಗಿನ ತನ್ನ ಲ್ಯಾಬಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ. ಜರ್ಮನಿಯ ಗಟಿಂಗೆನ್‌ನಲ್ಲಿ ಜೇಮ್ಸ್ ಫ್ರಾಂಕ್ ಅನ್ನುವ ಇನ್ನೊಬ್ಬ ವಿಜ್ಞಾನಿಯ ಉಪಕರಣ ಒಮ್ಮೆ ಇದ್ದಕ್ಕಿದ್ದಂತೆ ಕೆಟ್ಟಿತು. ಪೌಲಿ ಊರಲ್ಲೇ ಇಲ್ಲ, ಈ ಸಲ ಅವನ ತಪ್ಪಲ್ಲ ಬಿಡಿ ಅಂದರು. ಆಮೇಲೆ ಗೊತ್ತಾಗಿದ್ದು, ಸರಿಯಾಗಿ ಆ ಹೊತ್ತಿಗೆ ಪೌಲಿ ಹೋಗುತ್ತಿದ್ದ ರೈಲು ಗಟಿಂಗೆನ್ ಸ್ಟೇಷನ್ನಲ್ಲಿ ನಿಂತಿತ್ತು! ಎಷ್ಟು ನಿಜವೋ, ಫಿಸಿಕ್ಸಿನವರು ಮಾತ್ರ ಈ ಕತೆಯನ್ನು ಬಿಟ್ಟುಕೊಡಲ್ಲ.

ನನಗೆ ಜಾಸ್ತಿ ಇಷ್ಟ ಮೊದಲ ವರ್ಷದ ಪ್ರಾಕ್ಟಿಕಲ್ಲು. ಸರಳ ಲೋಲಕ, ಅಂದರೆ ದಾರಕ್ಕೆ ಕಟ್ಟಿದ ಗುಂಡು. ಅದನ್ನು ತೂಗಿಸಿ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಉತ್ತರ 9.8 ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ರೀಡಿಂಗ್‌ಗಳೂ ಬಹಳ ವಿಧೇಯವಾಗಿರುತ್ತವೆ. ಒಬ್ಬಳು ಮಾತ್ರ ಅಳುಮುಖ ಮಾಡಿಕೊಂಡು ಬರುತ್ತಾಳೆ: "ಸರ್, ನಂದು 10.8 ಬರ್ತಿದೆ. ಅಡ್ಜಸ್ಟ್ ಮಾಡ್ಲಾ?" ಮಾಡಬೇಡಮ್ಮ! ಈ 10.8 ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಗುಂಡು ಬಿಟ್ಟ ಕ್ಷಣವನ್ನೇ "ಒಂದು" ಅಂತ ಎಣಿಸಿದ್ದಾಳೆ. ಇಪ್ಪತ್ತು ಅಂದಾಗ ನಿಜಕ್ಕೂ ಆಗಿದ್ದು ಹತ್ತೊಂಬತ್ತೇ ಆಂದೋಲನ. ಕಾಲ ಕಮ್ಮಿ ಬಂತು, ಅದರ ವರ್ಗದಿಂದ ಭಾಗಿಸಿದಾಗ ಉತ್ತರ ಜಾಸ್ತಿ ಬಂತು. ಲೆಕ್ಕ ಹಾಕಿ ನೋಡಿ, ಸರಿಯಾಗಿ 10.8ರ ಆಸುಪಾಸಿಗೇ ಬರುತ್ತೆ. ಪಕ್ಕದ ಮೇಜಿನ 9.80ಕ್ಕಿಂತ ಈ 10.8 ನನಗೆ ಎಷ್ಟೋ ಮೇಲು. ಆ 9.80 ದಾರ ಕಟ್ಟುವ ಮೊದಲೇ ರೆಕಾರ್ಡ್ ಪುಸ್ತಕದಲ್ಲಿ ಕೂತಿರುತ್ತೆ.

ನಗು ಪ್ರಬಂಧಗಳೊಳಗೂ ನುಸುಳುತ್ತೆ. 1975ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಜಾಕ್ ಹೆದರಿಂಗ್ಟನ್ ಒಬ್ಬರೇ ಒಂದು ಪ್ರಬಂಧ ಬರೆದರು, ಆದರೆ ಉದ್ದಕ್ಕೂ "ನಾವು" ಅಂತ ಹಾಕಿದ್ದರು. ಲೇಖಕ ಒಬ್ಬನೇ ಆದರೆ ವಿಜ್ಞಾನ ಪತ್ರಿಕೆಯವರು ಅದನ್ನು ಒಪ್ಪಲ್ಲ ಅಂತ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಟೈಪ್‌ರೈಟರ್ ಕಾಲ, ಎಲ್ಲ ಮತ್ತೆ ಕುಟ್ಟಬೇಕು. ಅದರ ಬದಲು ತಮ್ಮ ಬೆಕ್ಕು ಚೆಸ್ಟರ್‌ನನ್ನು ಎಫ್. ಡಿ. ಸಿ. ವಿಲ್ಲರ್ಡ್ ಅನ್ನುವ ಹೆಸರಲ್ಲಿ ಸಹಲೇಖಕ ಮಾಡಿಬಿಟ್ಟರು. ಪ್ರಬಂಧ ಅಚ್ಚಾಯಿತು. ಆಮೇಲೆ ಕೆಲವು ಪ್ರತಿಗಳಿಗೆ ಚೆಸ್ಟರ್ ಪಂಜದ ಸಹಿಯನ್ನೂ ಹಾಕಿತು.

ಕಾಯುವುದರ ಬಗ್ಗೆ ಹೇಳದಿದ್ದರೆ ಉತ್ತರ ಪೂರ್ತಿಯಾಗಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಒಂದು ಆಲಿಕೆಗೆ ಪಿಚ್ ತುಂಬಿಟ್ಟರು. ಟಾರಿನ ಜಾತಿಯ ಕಪ್ಪು ವಸ್ತು, ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತೆ, ಆದರೂ ಅದು ಹರಿಯುವ ದ್ರವ ಅಂತ ವಿದ್ಯಾರ್ಥಿಗಳಿಗೆ ತೋರಿಸೋದು ಉದ್ದೇಶ. 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಮೊದಲ ಹನಿ ಬಿದ್ದಿದ್ದು 1938ರಲ್ಲಿ. ಆಮೇಲೆ ಅದನ್ನು ನೋಡಿಕೊಂಡವರು ಜಾನ್ ಮೇನ್‌ಸ್ಟೋನ್. 1979ರ ಹನಿ ವಾರಾಂತ್ಯದಲ್ಲಿ, ಅವರಿಲ್ಲದಾಗ ಬಿತ್ತು. 1988ರಲ್ಲಿ ಏನೋ ಕುಡಿಯೋಕೆ ಅಂತ ಸ್ವಲ್ಪ ಹೊತ್ತು ಹೊರಗೆ ಹೋಗಿದ್ದರು, ಆಗಲೇ ಬಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟರು, ಕ್ಯಾಮೆರಾ ಕೈಕೊಟ್ಟಿತು. 2013ರಲ್ಲಿ ಅವರು ತೀರಿಕೊಂಡರು. ಒಂಬತ್ತನೇ ಹನಿ ಇಳಿದಿದ್ದು ಮರುವರ್ಷ. ಒಂದನ್ನೂ ಕಣ್ಣಾರೆ ನೋಡಲಿಲ್ಲ. ಈ ಕತೆ ಹೇಳುವಾಗ ನಮ್ಮಲ್ಲಿ ಎಲ್ಲರೂ ನಗುತ್ತಾರೆ, ಪಿಎಚ್‌ಡಿ ಮಾಡುತ್ತಿರುವವರು ಸ್ವಲ್ಪ ಕಮ್ಮಿ.

ಇಷ್ಟು ಹೇಳಿದಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತೆ: "ಫಿಸಿಕ್ಸ್ ಓದಿದ್ದೀರಲ್ಲ, ನಮ್ಮ ಫ್ಯಾನ್ ತಿರುಗ್ತಿಲ್ಲ, ಸ್ವಲ್ಪ ನೋಡ್ತೀರಾ?" ಥಿಯರಿಯವರನ್ನು ಕರೆದರೆ ಘರ್ಷಣೆ ಇಲ್ಲ ಅಂತ ಇಟ್ಟುಕೊಳ್ಳೋಣ ಅಂತಾರೆ. ನಮ್ಮಂಥ ಲ್ಯಾಬಿನವರನ್ನು ಕರೆದರೆ ಖಂಡಿತ ಬಿಚ್ಚಿಕೊಡುತ್ತೇವೆ. ಮತ್ತೆ ಜೋಡಿಸೋಕೆ ಎಲೆಕ್ಟ್ರಿಷಿಯನ್‌ಗೆ ಹೇಳಿ.