ಕೆನೆ ಕಟ್ಟಿದ ವಾರ್ನಿಶ್, ನಲವತ್ತನಾಲ್ಕು ಗೋಲಿ

ಡಬ್ಬದ ಮುಚ್ಚಳ ಏಳಲೇ ಇಲ್ಲ. ಸ್ಕ್ರೂಡ್ರೈವರ್ ತೂರಿಸಿ ಸುತ್ತಲೂ ಮೀಟಿದೆ. ಬಾಗಿತೇ ಹೊರತು ಬಿಡಲಿಲ್ಲ. ಕೊನೆಗೊಮ್ಮೆ ಟಪ್ಪೆಂದು ಹಾರಿ ಗ್ಯಾಲರಿಯ ಮೂಲೆಗೆ ಬಿತ್ತು. ಒಳಗೆ ನೋಡಿದರೆ ಕಂದು ಬಣ್ಣದ ದಪ್ಪ ಕೆನೆ, ನೆರಿಗೆ ನೆರಿಗೆಯಾಗಿ. ಕಡ್ಡಿಯಲ್ಲಿ ಒತ್ತಿದೆ. ಕೆಳಗಿದ್ದದ್ದು ಹಾಲುಬಾಯಿಯ ಹಾಗೆ ಅಲುಗಾಡಿತು.

"ಚೌತಿಗೆ ಇನ್ನು ಐದೇ ದಿನ ಮಾರಾಯ" ಎಂದರು ಅಮ್ಮ ಒಳಗಿನಿಂದ.

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಗಣಪತಿ ಕೂರುವುದು ಅಪ್ಪನ ಗಲ್ಲಾ ಮೇಜಿನ ಮೇಲೆ. ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರು. ಹೋಟೆಲು ಮುಚ್ಚುವಾಗ ಧಣಿಗಳು "ಇದನ್ನು ನೀನೇ ತಕ್ಕೊಂಡು ಹೋಗು" ಎಂದು ಕೊಟ್ಟರಂತೆ. ಗಟ್ಟಿ ಸಾಗುವಾನಿ. ಅಪ್ಪನ ಬಲಗೈ ಊರುತ್ತಿದ್ದ ಕಡೆ ಅಂಚು ಸವೆದು ದುಂಡಗಾಗಿದೆ. ಹೋದ ದೀಪಾವಳಿಗೆ ನಾನೇ ಕೂತು ಅದನ್ನು ಉಜ್ಜಿ ಮೂರು ಕೋಟ್ ವಾರ್ನಿಶ್ ಹೊಡೆದಿದ್ದೆ. ಈಚೆಗೆ ಯಾರೋ ಬಿಸಿ ಕಾಫಿ ಲೋಟ ಇಟ್ಟು ಬೆಳ್ಳಗೆ ಒಂದು ಬಳೆ ಮೂಡಿಸಿದರು. ಯಾರು ಅಂತ ಗೊತ್ತು, ಹೇಳುವುದಿಲ್ಲ. ಮನೆಯಲ್ಲಿ ಶಾಂತಿ ಬೇಕಲ್ವಾ.

ಒಂದು ಲೀಟರಿನ ಡಬ್ಬದಲ್ಲಿ ಅರ್ಧ ಉಳಿದಿತ್ತು. ಮುಚ್ಚಳಕ್ಕೆ ಸುತ್ತಿಗೆಯಲ್ಲಿ ನಾಲ್ಕೇಟು ಕೊಟ್ಟು ಲಾಫ್ಟಿಗೆ ಏರಿಸಿದ್ದೆ. ಹೊರಗಿನ ಗಾಳಿ ಹೋಗದಿದ್ದರೆ ಸಾಕು ಅಂತ ನನ್ನ ಲೆಕ್ಕ. ಒಳಗೇ ಅರ್ಧ ಲೀಟರ್ ಗಾಳಿಯನ್ನು ಕೂಡಿಟ್ಟು ಬೀಗ ಹಾಕಿದ್ದೇನೆ ಅಂತ ಹೊಳೆದಿರಲಿಲ್ಲ.

ಮೊದಲು ಥಿನ್ನರ್ ಸುರಿದು ಕಲಕಿದೆ. ಗಂಟು ಗಂಟಾದ ಗಂಜಿ ತಯಾರಾಯಿತು. ಕೆಳಗಿನ ಮಹಡಿಯಲ್ಲಿ ಯಾರದೋ ಮನೆಗೆ ಪಾಲಿಶ್ ಕೆಲಸ ನಡೆದಿತ್ತು. ಅಲ್ಲಿನ ಮಿಸ್ತ್ರಿ ಯು.ಪಿ. ಕಡೆಯ ವಯಸ್ಸಾದ ಚಾಚಾ. ಡಬ್ಬ ಹಿಡಿದು ಅವರ ಹತ್ತಿರ ಹೋದೆ. ಅವರು ಕಡ್ಡಿ ಅದ್ದಿ ಎತ್ತಿ ನೋಡಿ, "ಯೇ ತೋ ಹವಾ ಪೀ ಗಯಾ, ಸೇಠ್" ಎಂದರು. ಇದು ಗಾಳಿ ಕುಡಿದುಬಿಟ್ಟಿದೆ.

ಒಣಗುವುದರಲ್ಲಿ ಎರಡು ಜಾತಿ ಅಂತೆ. ಒಂದು ಹಾರಿ ಒಣಗುವುದು, ಇನ್ನೊಂದು ಗಾಳಿ ಕುಡಿದು ಒಣಗುವುದು. ಅವರ ಪಕ್ಕದಲ್ಲೇ ಒಂದು ಬಾಟಲಿಯಲ್ಲಿ ಚಪಡಾ ಪಾಲಿಶ್ ಇತ್ತು. ಚಪಡಾ ಅಂದರೆ ಅರಗು, ಜಾರ್ಖಂಡ್ ಕಡೆ ಮರದ ಕೊಂಬೆಗಳ ಮೇಲೆ ಪುಟ್ಟ ಹುಳ ಕಟ್ಟುವಂಥದ್ದು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅದೇ. ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಪಾಲಿಶ್. ಸ್ಪಿರಿಟ್ ಹಾರಿಹೋದರೆ ಗಟ್ಟಿ, ಮತ್ತೆ ಹಾಕಿದರೆ ಕರಗುತ್ತದೆ. ಆದರೆ ಅದನ್ನೂ ವರ್ಷಗಟ್ಟಲೆ ಇಟ್ಟರೆ ಮರಕ್ಕೆ ಹಚ್ಚಿದ ಮೇಲೆ ಸರಿಯಾಗಿ ಒಣಗದೆ ಅಂಟಂಟಾಗಿಯೇ ಉಳಿಯುತ್ತದಂತೆ. ಚಾಚಾ ಅದಕ್ಕೇ ಬೇಕಾದಷ್ಟನ್ನೇ ನೆನೆಹಾಕುತ್ತಾರೆ.

ನನ್ನದು ಎಣ್ಣೆಯ ವಾರ್ನಿಶ್. ಅಗಸೆ ಎಣ್ಣೆಯ ಹಾಗೆ ಗಾಳಿಯ ಆಮ್ಲಜನಕದ ಜೊತೆ ಸೇರಿ ತನ್ನೊಳಗೇ ಹೆಣೆದುಕೊಳ್ಳುತ್ತದೆ. ಮೊಸರಾದ ಹಾಲು ಮತ್ತೆ ಹಾಲಾಗುತ್ತದೆಯೇ? ಹಾಗೇ ಇದು. ಎಷ್ಟು ಥಿನ್ನರ್ ಹೊಯ್ದರೂ ವ್ಯರ್ಥ. ಮೇಲೆ ತೆಳು ಕೆನೆ ಮಾತ್ರ ಇದ್ದು ಕೆಳಗೆ ನೀರಾಗಿದ್ದಿದ್ದರೆ ಕೆನೆ ತೆಗೆದು, ಹಳೆ ಪಂಚೆಯಲ್ಲಿ ಸೋಸಿ ಬಳಸಬಹುದಿತ್ತು ಎಂದರು. ಮೆಲಮೈನ್‌ನಂಥ, ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಹಚ್ಚುವ ಪಾಲಿಶ್‌ಗಳದು ಬೇರೆಯೇ ಕತೆ. ಬೆರೆಸಿದ್ದನ್ನು ಯಾವ ದೇವರೂ ಉಳಿಸಲಾರ.

ಹೊಸದು ತರಬೇಕಾಯಿತು. ಮುಂಬಯಿಯ ಸಗಟು ಪೇಟೆ ಲೋಹಾರ್ ಚಾಳಿಗೆ ಹೋಗುವ ಆಸೆಯಿತ್ತು, ಆದರೆ ಬೆಂಕಿ ಹತ್ತುವ ಸಾಮಾನು ಲೋಕಲ್ ಟ್ರೇನಿನಲ್ಲಿ ತರುವ ಹಾಗಿಲ್ಲ. ಸ್ಟೇಷನ್ ಹತ್ತಿರದ ಪೇಂಟ್ ಅಂಗಡಿಯಲ್ಲೇ 500 ಮಿಲಿ ತಗೊಂಡೆ. ಈ ಸಲ ಡಬ್ಬಕ್ಕೆ ಬ್ರಶ್ ಅದ್ದಲಿಲ್ಲ. ಬೇಕಾದಷ್ಟನ್ನು ಸ್ಟೀಲ್ ಬಟ್ಟಲಿಗೆ ಬಗ್ಗಿಸಿ, ಮುಚ್ಚಳ ಕೂರುವ ಅಂಚಿನ ತೋಡಿನಲ್ಲಿ ನಿಂತದ್ದನ್ನು ಆಗಲೇ ಒರೆಸಿದೆ. ಹಳೆಯ ಮುಚ್ಚಳ ಕಚ್ಚಿಕೊಂಡದ್ದು ಆ ತೋಡಿನಲ್ಲಿ ಒಣಗಿದ ವಾರ್ನಿಶ್‌ನಿಂದಲೇ.

ಬಳೆ ಇದ್ದ ಕಡೆ ಉಜ್ಜಿ ಎರಡು ಕೋಟ್ ಕೊಟ್ಟೆ. ಮಳೆಗಾಲದ ಹವೆ, ಒಂದೊಂದು ಕೋಟೂ ಒಂದು ದಿನ ತಿಂದಿತು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದಿದ್ದೆ. ನೋಡಲು ಬಂದ ಚಾಚಾ ಕಂಡು ಗದರಿಬಿಟ್ಟರು. ಗಾಳಿ ಕುಡಿಯುವಾಗ ಎಣ್ಣೆ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ, ತಾನಾಗಿಯೇ ಬೆಂಕಿ ಹತ್ತಬಹುದು. ಅವರೇ ಒಂದೊಂದನ್ನೂ ಬಿಡಿಸಿ ಗ್ಯಾಲರಿಯ ಕಂಬಿಗೆ ಹರವಿದರು. ಬಟ್ಟೆಯ ವಿಷಯದಲ್ಲಿ ನನಗೆ ಈಗಲೂ ಸ್ವಲ್ಪ ಭಯವಿದೆ.

ಉಳಿದದ್ದು 350 ಮಿಲಿ. ಇದನ್ನೂ ಹಾಲುಬಾಯಿ ಮಾಡುವುದು ಬೇಡ. ಡಬ್ಬದೊಳಗೆ ಬಾಯಿಂದ ಊದಿ ಮುಚ್ಚಿದರೆ ಸಾಕು ಅಂತ ಯಾರೋ ಹೇಳಿದ್ದು ನೆನಪಾಯಿತು. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು, ನಾವು ಬಿಡುವ ಉಸಿರಿನಲ್ಲಿಯೂ ಸುಮಾರು 16 ಇರುತ್ತದೆ. ಜೊತೆಗೆ ಹಸಿ ಆವಿ ಬೇರೆ. ಲೈಟರಿಗೆ ತುಂಬುವ ಗ್ಯಾಸನ್ನು ಡಬ್ಬದೊಳಗೆ ಹಾಯಿಸಿದರೆ, ಅದು ಗಾಳಿಗಿಂತ ಭಾರ, ಮೇಲೆ ಹೊದಿಕೆಯಂತೆ ಕೂರುತ್ತದೆ, ನಿಜ. ಹೆಂಡತಿಗೆ ಹೇಳಿದೆ. "ರೀ, ನಾನು ಇಲ್ಲೇ ಒಲೆ ಹಚ್ಚಿ ದೋಸೆ ಹೊಯ್ತಾ ಇದ್ದೀನಿ" ಎಂದಳು. ಆ ಮಾತು ಅಲ್ಲಿಗೇ ಮುಗಿಯಿತು.

ಅಮ್ಮ ನೋಡುತ್ತಿದ್ದವರು, "ಉಪ್ಪಿನಕಾಯಿ ಕಮ್ಮಿ ಆದ ಹಾಗೆ ನಾನೇನು ಮಾಡ್ತೇನೆ? ಸಣ್ಣ ಭರಣಿಗೆ ಹಾಕುವುದಿಲ್ವಾ?" ಎಂದರು.

ಅಷ್ಟೇ. 250 ಮಿಲಿ ಹಿಡಿಯುವ ಜೇನಿನ ಗಾಜಿನ ಬಾಟಲಿ ಸಿಕ್ಕಿತು. ತೊಳೆದು, ಬಿಸಿಲು ಬಿದ್ದ ಹೊತ್ತು ನೋಡಿ ಒಣಗಿಸಿ, ಕುತ್ತಿಗೆಯವರೆಗೆ ತುಂಬಿದೆ. ಇನ್ನೊಂದು ನೂರು ಮಿಲಿಗೆ ಇದ್ದದ್ದು 200ರ ಜಾಮ್ ಬಾಟಲಿ. ಅರ್ಧ ಖಾಲಿ. ಮಟ್ಟ ಮೇಲೇರಿಸಲು ಗಾಜಿನ ಗೋಲಿ ಹಾಕುವುದು ಹಳೆಯ ಉಪಾಯ. 16 ಮಿಲಿಮೀಟರಿನ ಒಂದು ಗೋಲಿ ಎರಡು ಮಿಲಿಗಿಂತ ತುಸು ಜಾಸ್ತಿ ಜಾಗ ಹಿಡಿಯುತ್ತದೆ. ಲೆಕ್ಕಕ್ಕೆ 47 ಬೇಕು.

ಮಗನನ್ನು ಕರೆದುಕೊಂಡು ಅಂಗಡಿಗೆ ಹೋದೆ. "ಗೋಳಿ ಆಹೇ ಕಾ?" ಎಂದೆ. ಅಂಗಡಿಯವನು ಎದುರಿನ ಮೆಡಿಕಲ್ ಕಡೆ ಕೈ ತೋರಿಸಿದ. ಮಗ ಬಿದ್ದು ಬಿದ್ದು ನಕ್ಕ. "ಪಪ್ಪಾ, ಗೋಟ್ಯಾ ಅನ್ನಬೇಕು!" ಮರಾಠಿ ಶಾಲೆಗೆ ಹಾಕಿದ್ದು ಸಾರ್ಥಕ. ಐವತ್ತು ಗೋಲಿ ತಂದು, ತೊಳೆದು ಒರೆಸಿ, ಒಂದೊಂದಾಗಿ ಬಿಟ್ಟೆವು. 44ಕ್ಕೇ ವಾರ್ನಿಶ್ ಕುತ್ತಿಗೆ ಮುಟ್ಟಿತು. ನಾನು ಬಗ್ಗಿಸುವಾಗ ಸ್ವಲ್ಪ ಜಾಸ್ತಿ ಬಿದ್ದಿರಬೇಕು. ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮುಚ್ಚಳ ತಿರುಗಿಸಿದೆ. ಜೇನಿನ ಬಾಟಲಿ ಥೇಟ್ ಜೋನಿಬೆಲ್ಲದ ಹಾಗೆ ಕಾಣುತ್ತಿತ್ತು. ಹಾಗಾಗಿ ಎರಡಕ್ಕೂ ಕಾಗದ ಅಂಟಿಸಿ ದಪ್ಪ ಅಕ್ಷರದಲ್ಲಿ "ವಾರ್ನಿಶ್, ತಿನ್ನುವುದಲ್ಲ" ಎಂದು ಬರೆದು ಲಾಫ್ಟಿನ ಹಿಂದಕ್ಕೆ ತಳ್ಳಿದೆ.

ದೀಪಾವಳಿಗೆ ಬಾಗಿಲ ಹೊಸ್ತಿಲಿಗೆ ಹಚ್ಚಲು ಜಾಮ್ ಬಾಟಲಿ ಇಳಿಸಿದೆ. ಕೆನೆ ಇಲ್ಲ. ಓರೆ ಮಾಡಿದರೆ ಸರಾಗವಾಗಿ ಹರಿಯಿತು. ಆದರೆ ಗೋಲಿಗಳು ಅಂಟು ಅಂಟು. ಒಂದೊಂದನ್ನೂ ಟರ್ಪೆಂಟೈನ್‌ನಲ್ಲಿ ಒರೆಸುತ್ತ ಕೂತಾಗ ಮುಂದಿನ ಸಲ 200 ಮಿಲಿಯ ಡಬ್ಬವನ್ನೇ ಹುಡುಕಿ ತರುತ್ತೇನೆ ಅಂದುಕೊಂಡೆ. ಮಗ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಎಣಿಸುತ್ತಿದ್ದ.

"ಪಪ್ಪಾ, ನಲವತ್ತಮೂರೇ ಇದೆ."