ಸ್ಪೈಕ್ ಐಲೆಂಡ್‌ನಲ್ಲಿ ಗಾಳಿಪಾಲಾದ ಸಂಗೀತ

ಮ್ಯಾಂಚೆಸ್ಟರ್‌ಗೆ ಹೋದವರೆಲ್ಲ ಫುಟ್‌ಬಾಲ್ ಮೈದಾನ ನೋಡುತ್ತಾರೆ. ನನಗೆ ಬೇಕಿದ್ದದ್ದು ಇದೇ ಊರಿನ ಸ್ಟೋನ್ ರೋಸಸ್ ಎಂಬ ರಾಕ್ ಬ್ಯಾಂಡಿನ ಜಾಡು. ಊರಲ್ಲಿ ಅದು ಜಾಸ್ತಿ ಉಳಿದಿಲ್ಲ. ಅವರು ನುಡಿಸಿದ್ದ ಹಾಸಿಯೆಂಡಾ ಕ್ಲಬ್ಬನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ, ಹೆಸರು ಮಾತ್ರ ಹಾಗೇ ಇದೆ. ಹಳೇ ಟಾಕೀಸ್ ಕೆಡವಿ ಕಟ್ಟಿದ ಮಾಲ್‌ಗೆ ಟಾಕೀಸಿನ ಹೆಸರನ್ನೇ ಇಟ್ಟ ಹಾಗೆ. ಫೋಟೋ ತೆಗೆಯಲೂ ಮನಸ್ಸಾಗಲಿಲ್ಲ. ಲೇಕ್ ಡಿಸ್ಟ್ರಿಕ್ಟ್, ಚೆಸ್ಟರ್ ಎಲ್ಲ ಸುತ್ತಿದೆವು, ಚೆನ್ನಾಗಿವೆ. ಆದರೆ ಬರೆಯಬೇಕು ಅನಿಸಿದ್ದು ವಿಡ್ನೆಸ್ ಎಂಬ ಊರಿನ ಬಗ್ಗೆ.

ವಿಡ್ನೆಸ್‌ನ ಅಂಚಿನಲ್ಲಿ, ಮರ್ಸಿ ನದಿಯ ಅಳಿವೆಗೂ ಹಳೇ ಸ್ಯಾಂಕಿ ಕಾಲುವೆಗೂ ನಡುವೆ ಇರುವ ತುಂಡು ನೆಲವೇ ಸ್ಪೈಕ್ ಐಲೆಂಡ್. 1990ರ ಮೇ 27ರಂದು ಸ್ಟೋನ್ ರೋಸಸ್ ಕಾರ್ಯಕ್ರಮಕ್ಕೆ ಇಲ್ಲಿ ಸುಮಾರು 27,000 ಜನ ಸೇರಿದ್ದರು. ದೊಡ್ಡ ಬಯಲು ಇರುತ್ತದೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಹುಲ್ಲು, ಪೊದೆ, ನಾಯಿ ಓಡಾಡಿಸುವವರು. ಪಕ್ಕದಲ್ಲಿ ರಾಸಾಯನಿಕ ಉದ್ಯಮದ ಮ್ಯೂಸಿಯಂ. ಇಷ್ಟು ಜಾಗದಲ್ಲಿ ಅಷ್ಟು ಜನ ಹೇಗೆ ನಿಂತರೋ!

ಅವರು ಮೇಲೆ ಬಂದ ವೇಗ ನೋಡಿ. ಬ್ಯಾಂಡ್ ಶುರುವಾಗಿದ್ದು 1983ರಲ್ಲಿ. ವರ್ಷಗಟ್ಟಲೆ ಊರಾಚೆ ಯಾರೂ ಕೇಳಿರಲಿಲ್ಲ. 1989ರ ಮೇನಲ್ಲಿ ಮೊದಲ ಆಲ್ಬಂ ಬಂತು. ಆಗಸ್ಟ್‌ನಲ್ಲಿ ಬ್ಲ್ಯಾಕ್‌ಪೂಲ್‌ನ ಎಂಪ್ರೆಸ್ ಬಾಲ್‌ರೂಂ ತುಂಬಿತು. ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಇನ್ನೊಂದು ಬ್ಯಾಂಡ್ ಹ್ಯಾಪಿ ಮಂಡೇಸ್ ಜತೆ ಒಂದೇ ಸಂಜೆ 'ಟಾಪ್ ಆಫ್ ದಿ ಪಾಪ್ಸ್' ಟಿವಿ ಕಾರ್ಯಕ್ರಮಕ್ಕೆ ಬಂದರು. ಆರು ತಿಂಗಳಿಗೆ ಈ ದ್ವೀಪ. ಗಿಟಾರ್ ಕೇಳುವ ಹುಡುಗರು ಕುಣಿಯುತ್ತಿರಲಿಲ್ಲ. ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಸಂಗೀತಕ್ಕೆ ಕುಣಿಯುವವರಿಗೆ ಗಿಟಾರ್ ಬೇಡ. ಇವರ 'ಫೂಲ್ಸ್ ಗೋಲ್ಡ್' ಹಾಡು ಇಬ್ಬರನ್ನೂ ಎಳೆದು ತಂದಿತು. ಸುಮಾರು ಹತ್ತು ನಿಮಿಷ ಸುತ್ತುತ್ತಲೇ ಇರುವ ಡ್ರಮ್ಸ್, ಮಾನಿಯ ಬಾಸ್, ಮೇಲೆ ಜಾನ್ ಸ್ಕ್ವೈರ್‌ನ ಗಿಟಾರ್. ಇಯಾನ್ ಬ್ರೌನ್ ಹಾಡುವುದಕ್ಕಿಂತ ಪಿಸುಗುಟ್ಟುವುದೇ ಜಾಸ್ತಿ. ವೇದಿಕೆ ಮೇಲೆ ಅವನ ಶ್ರುತಿ ಬಗ್ಗೆ ನಾನು ಯಾರ ಜತೆಗೂ ವಾದ ಮಾಡಲ್ಲ.

ಕಾಲುವೆ ದಡದ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ನಾನು ಸುಮ್ನೆ ಅತ್ತಿತ್ತ ನೋಡುತ್ತಿದ್ದೆ.

"ಆ ಕಾರ್ಯಕ್ರಮದ ಜಾಗ ಹುಡುಕ್ತಿದ್ದೀಯಾ?" ಅಂದರು.

"ಹೌದು. ನೀವು ಬಂದಿದ್ರಾ?"

"ಇಲ್ಲ. ಮನೇಲಿ ಮಗು ಇತ್ತು. ಹಿತ್ತಲಲ್ಲಿ ಬಟ್ಟೆ ಒಣಗಿಸ್ತಾ ಕೇಳಿದೆ. ದುಡ್ಡು ಕೊಟ್ಟು ಒಳಗಿದ್ದವರಿಗಿಂತ ನಮಗೇ ಚೆನ್ನಾಗಿ ಕೇಳಿಸಿತು!"

ಇದು ನನಗೆ ಅರ್ಥವಾಯಿತು. ಅವತ್ತು ಸ್ಪೀಕರ್ ಸಾಲದೆ, ಗಾಳಿಗೆ ಸದ್ದು ಎತ್ತೆತ್ತಲೋ ಹೋಯಿತು ಅಂತ ಬಂದಿದ್ದವರು ಇವತ್ತಿಗೂ ದೂರುತ್ತಾರೆ. ಅದು ಎತ್ತ ಹೋಯಿತು ಅಂತ ಹೇಳುವವರು ಈಗ ಸಿಕ್ಕರು.

"ಹಾಡು ಇಷ್ಟ ಆಯ್ತಾ?"

"ಮಗು ಮಲಗಲಿಲ್ಲ," ಅಂದರು. ಆಮೇಲೆ ಮಾತು ಬೇರೆ ಕಡೆ ತಿರುಗಿತು. ಅವರ ಅಪ್ಪ ಕೆಲಸ ಮಾಡಿದ್ದು ಇಲ್ಲಿಯದೇ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ. 1847ರಲ್ಲಿ ಹಚಿನ್‌ಸನ್ ಎಂಬುವವರು ಹಾಕಿದ ಕಾರ್ಖಾನೆಯಿಂದ ಈ ಊರು ಬೆಳೆದದ್ದು. ಸೋಡಾ (ಕುಡಿಯುವುದಲ್ಲ, ಬಟ್ಟೆ ಸೋಡಾ ಥರದ ರಾಸಾಯನಿಕ) ತಯಾರಿಸಿ ಉಳಿದ ಕಸವನ್ನೆಲ್ಲ ಸುತ್ತಮುತ್ತಲೇ ಸುರಿದರು. ಎಪ್ಪತ್ತರ ದಶಕದಲ್ಲಿ ಶುರುಮಾಡಿ ಅದನ್ನು ಶುಚಿ ಮಾಡಿ ಪಾರ್ಕ್ ಮಾಡಿದ್ದಾರೆ. "ಚಿಕ್ಕವಳಿದ್ದಾಗ ಇಲ್ಲಿ ಹುಲ್ಲೇ ನೋಡಿರಲಿಲ್ಲ. ನಿಮ್ಮಂಥವರು ಬಂದು ಒಂದು ರಾತ್ರಿ ಬಗ್ಗೆ ಕೇಳ್ತೀರಿ. ಹುಲ್ಲು ಹೇಗೆ ಬಂತು ಅಂತ ಯಾರೂ ಕೇಳಲ್ಲ," ಅಂದರು. ಬೈದ ಹಾಗಿತ್ತು, ಆದರೆ ನಗುತ್ತಲೇ ಅಂದರು. ಮಳೆ ಹನಿ ಬೀಳುವವರೆಗೂ ನಾನು ಹುಲ್ಲಿನ ಬಗ್ಗೆಯೇ ಕೇಳಿದೆ. ಬ್ಯಾಂಡ್ ವಿಷಯ ಮತ್ತೆ ಬರಲೇ ಇಲ್ಲ.

ಮ್ಯೂಸಿಯಂನ ಮೇಲಿನ ಮಹಡಿಯಿಂದ ಅಳಿವೆ, ಸೇತುವೆಗಳು ಎಲ್ಲ ಕಾಣುತ್ತವೆ. ತಪ್ಪಿಸಬೇಡಿ.

ಕಾರಲ್ಲಿ ಹೋಗುವವರಿಗೆ ಒಂದು ಮಾತು. ಚೆಸ್ಟರ್ ಕಡೆಯಿಂದ ಬಂದರೆ ಮರ್ಸಿ ಗೇಟ್‌ವೇ ಸೇತುವೆ ದಾಟಬೇಕು. ಅಲ್ಲಿ ಟೋಲ್ ಗೇಟ್ ಇಲ್ಲ, ಫಾಸ್ಟ್ಯಾಗ್ ಥರದ್ದೂ ನಮ್ಮ ಕಾರಿನ ಗಾಜಿಗೆ ಅಂಟಿಸಿರಲಿಲ್ಲ. ಕ್ಯಾಮೆರಾ ನಂಬರ್ ಓದುತ್ತದೆ. ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ನಾವೇ ಕಟ್ಟಬೇಕು. ಬಾಡಿಗೆ ಕಾರು ಕೊಟ್ಟ ಕಂಪನಿಯವರು ಟೈರ್ ಗೀರಿನ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದರು, ಇದರ ಬಗ್ಗೆ ಒಂದಕ್ಷರ ಹೇಳಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ದಂಡದ ಇಮೇಲ್ ಬಂತು. ಅದನ್ನು ನಮಗೆ ಕಳಿಸಿದ್ದಕ್ಕೆ ಅವರದೊಂದು ಶುಲ್ಕ ಬೇರೆ! ಜಗಳ ಇನ್ನೂ ನಡೆಯುತ್ತಿದೆ.